ಅವ್ವನ ಹೆಸರಿನ ನೀರು

ಮಧುಗಿರಿ ತಾಲ್ಲೂಕು,
ಭಾನುವಾರ, ೧೪ ಸೆಪ್ಟೆಂಬರ್ ೨೦೨೫

ಪ್ರೀತಿಯ ತಮ್ಮ ನಾಗಭೂಷಣನಿಗೆ,

ನಿನ್ನ ಅಕ್ಕ ಜಗದಾಂಬ ತಲೆ ಸವರಿ ಬರೆಯುತ್ತಿರುವ ಕಾಗದ. ಹೇಗಿದ್ದೀಯ? ವಿಶಾಲಾಕ್ಷಿಯ ಬಿ.ಪಿ. ಹತೋಟಿಗೆ ಬಂತೆ? ಪ್ರಣವನ ಕೆಮ್ಮು ನಿಂತಿತೆ? ಗೌರಿ ಹಬ್ಬಕ್ಕೆ ನೀನು ಕಳಿಸಿದ ಸೀರೆ, ಅರಿಶಿನ ಕುಂಕುಮ ಹಬ್ಬಕ್ಕೆ ಮೊದಲೇ ಮುಟ್ಟಿತು. ಮುಟ್ಟಿತೆಂದು ಬರೆಯಲು ಇಷ್ಟು ತಡವಾಯಿತು, ಬೇಸರ ಮಾಡಿಕೊಳ್ಳಬೇಡ. ಫೋನಿನಲ್ಲಾದರೆ ನೀನು ಅಂಗಡಿಯಲ್ಲಿ ಗಿರಾಕಿ ಇದ್ದಾರೆ ಎನ್ನುತ್ತೀಯ. ಕಾಗದಕ್ಕೆ ಅವಸರವಿಲ್ಲ.

ಇಲ್ಲಿ ಕಡಲೆಕಾಯಿ ಗಿಡ ಚೆನ್ನಾಗಿ ಎದ್ದಿದೆ. ನನ್ನ ಮೊಣಕಾಲು ಮಾತ್ರ ಹಾಗೇ ಇದೆ, ಕೂತರೆ ಏಳಲಾರೆ. ಫ್ಲೋರೈಡ್ ಇರುವ ಬೋರಿನ ನೀರು ಕುಡಿದ ಮೂಳೆ, ಇನ್ನು ಹೇಗಿರುತ್ತದೆ ಹೇಳು. ನಮ್ಮ ಅವ್ವ ಕೊನೆಕೊನೆಗೆ ಎಷ್ಟು ಬಗ್ಗಿಹೋಗಿದ್ದಳೆಂದರೆ, ಆಕಾಶ ನೋಡಬೇಕೆಂದಾಗ ನಾವು ಅಂಗಳದ ಮಂಚದ ಮೇಲೆ ಅವಳನ್ನು ಒರಗಿಸಿ ಮಲಗಿಸಬೇಕಿತ್ತು. ಅದನ್ನು ನೆನೆದೇ ಅಲ್ಲವೇ ನೀನು ಈ ಜೂನ್‌ನಲ್ಲಿ ನಮ್ಮ ತವರೂರಿನ ಹೈಸ್ಕೂಲಿಗೆ ಅವಳ ಹೆಸರಿನಲ್ಲಿ ನೀರಿನ ಫಿಲ್ಟರ್ ಕೊಡಿಸಿದ್ದು. ಕಾಲುನೋವಿನಿಂದ ನಾನು ಆ ದಿನ ಬರಲಾಗಲಿಲ್ಲ. ಆದರೂ ಫೋಟೋ ನೋಡಿ ಎದೆ ತುಂಬಿತ್ತು.

ಆಮೇಲಿನದು ನಿನಗೆ ಯಾರೂ ಹೇಳಿರಲಾರರು. ನನ್ನ ಮೊಮ್ಮಗಳು ಭುವನಾ ಸೈಕಲ್ಲಿನಲ್ಲಿ ಅದೇ ಶಾಲೆಗೆ ಹೋಗುತ್ತಾಳಲ್ಲ, ಅವಳು ಹೇಳಿದಳು. ನೀನು ದಾವಣಗೆರೆಗೆ ಹೊರಟ ಮಾರನೆಯ ದಿನವೇ ಫಿಲ್ಟರಿನ ಕೋಣೆಗೆ ಬೀಗ ಬಿತ್ತು. ಒಳಗೆ ಅವ್ವನ ಫೋಟೋ, ಯಂತ್ರಕ್ಕೆ ಕುಂಕುಮ, ಶುಕ್ರವಾರಕ್ಕೊಂದು ಹೂವಿನ ಹಾರ. ನೀರು ಮೇಷ್ಟ್ರುಗಳಿಗೆ, ಬಂದ ಅತಿಥಿಗಳಿಗೆ. ಮಕ್ಕಳು ಮುಟ್ಟಿದರೆ ನಲ್ಲಿ ಮುರಿಯುತ್ತಾರೆ, ರಾಜ್ಯೋತ್ಸವಕ್ಕೆ ದಾನಿಗಳು ನಾಲ್ಕು ಜನರನ್ನು ಕರೆತಂದಾಗ ಹೊಸದರಂತೆ ಇರಬೇಕು ಎಂದು ಹೆಡ್‌ಮಾಸ್ಟರ್ ನರಸಿಂಹರಾಜು ಹೇಳಿದರಂತೆ. ಮಕ್ಕಳು ಕಿಟಕಿಯಲ್ಲಿ ಕೈಮುಗಿದು ಹಿತ್ತಲಿನ ತೊಟ್ಟಿಗೆ ಹೋಗಿ ಕುಡಿಯಬೇಕು. ಆ ತೊಟ್ಟಿಯ ತಳದ ಪಾಚಿ ನೋಡಿದರೆ ದನವೂ ಮೂತಿ ತಿರುಗಿಸುತ್ತದೆ.

ಭುವನಾಳ ಗೆಳತಿ ಅಂಬ್ರೀನ್, ಖೋ ಖೋದಲ್ಲಿ ಇವಳ ಜೋಡಿ, ನಮ್ಮ ಮನೆಗೆ ಬಂದಾಗ ನಗುತ್ತಾ ಅಂದಳು: "ಗುಡೀಲಾದ್ರೆ ಒಂದು ಉದ್ಧರಣೆ ತೀರ್ಥ ಆದ್ರೂ ಕೊಡ್ತಾರೆ ಕಣಜ್ಜಿ. ಈ ಚನ್ನಬಸಮ್ಮನ ಗುಡೀಲಿ ಅದೂ ಇಲ್ಲ." ನಾನೂ ನಕ್ಕೆ. ಅದು ನಮ್ಮ ಅವ್ವನ ಹೆಸರು ಎಂದು ಅವಳಿಗೆ ಗೊತ್ತಿರಲಿಲ್ಲ.

ಹೋದ ವರ್ಷ ತಾಲ್ಲೂಕು ಪಂದ್ಯದ ದಿನ ಈ ಹುಡುಗಿಯರು ಆ ತೊಟ್ಟಿಯ ನೀರನ್ನೇ ಬಾಟಲಿಗೆ ತುಂಬಿಕೊಂಡು ಹೋಗಿದ್ದರು. ಮಧುಗಿರಿ ಮೈದಾನದಲ್ಲಿ ವಾಂತಿ ಮಾಡಿಕೊಂಡು ಅರ್ಧ ಆಟದಲ್ಲೇ ಕೂತುಬಿಟ್ಟರು. ಹಾಗಾಗಿ ಈ ಸಲ ಪಂದ್ಯದ ಬೆಳಿಗ್ಗೆ ಭುವನಾ, ಅಟೆಂಡರ್ ಕದಿರಯ್ಯ ಕಸ ಗುಡಿಸಲು ಹೋದ ಹೊತ್ತು ನೋಡಿ, ಮೊಳೆಯಲ್ಲಿದ್ದ ಬೀಗದ ಕೈ ತೆಗೆದು ಎಲ್ಲರ ಬಾಟಲಿ ತುಂಬಿದಳು. ಒಳಗೆ ಹೋಗುವಾಗ ಚಪ್ಪಲಿ ಬಿಟ್ಟು, ಅವ್ವನ ಫೋಟೋಗೆ ನಮಸ್ಕಾರ ಮಾಡಿದಳಂತೆ.

ಗೆದ್ದರು ಕಣಪ್ಪ. ಯಾರಿಗೂ ಏನೂ ಆಗಲಿಲ್ಲ. ಜಿಲ್ಲೆಯ ಆಟಕ್ಕೆ ತುಮಕೂರಿಗೆ ಹೋಗುವುದು ಗಟ್ಟಿಯಾಯಿತು. ಅಲ್ಲಿ ಚೆನ್ನಾಗಿ ಆಡಿದರೆ ಕ್ರೀಡಾ ಹಾಸ್ಟೆಲಿಗೆ ಆರಿಸುತ್ತಾರೆ ಎಂದು ಇವಳಿಗೆ ನಿದ್ದೆಯೇ ಇಲ್ಲ.

ಮಾರನೆಯ ದಿನ ಯಾರೋ ಹೇಳಿಬಿಟ್ಟರು. ಹೆಡ್‌ಮಾಸ್ಟರು ಇವಳನ್ನು ಆಫೀಸಿಗೆ ಕರೆಸಿ ಒಂದು ಫೋನ್ ಮಾಡಿದರು. ಆ ಮಾತು ಕೊನೆಗೆ ಬರೆಯುತ್ತೇನೆ. ಆಮೇಲೆ ಪ್ರಾರ್ಥನೆಯ ಹೊತ್ತಿನಲ್ಲಿ ಇಡೀ ಶಾಲೆಯ ಮುಂದೆ ನಿಲ್ಲಿಸಿ, ತಂಡದಿಂದ ಅವಳ ಹೆಸರು ಹೊಡೆದುಹಾಕಿ, ಬಾಟಲಿಯಲ್ಲಿ ಉಳಿದಿದ್ದ ನೀರನ್ನು ಅವಳ ಕೈಯಲ್ಲೇ ನೆಲಕ್ಕೆ ಸುರಿಸಿದರು.

"ಬಾಯಿ ತೆಗಿಯೇ, ಎಲ್ರಿಗೂ ಹಲ್ಲು ತೋರ್ಸು," ಎಂದರಂತೆ. ನಮ್ಮ ಮನೆಯವರ ಹಲ್ಲು ನಿನಗೆ ಗೊತ್ತಲ್ಲ, ಕಂದುಪಟ್ಟೆ. "ಈ ಹಲ್ಲಿಗೆ ಫಿಲ್ಟರ್ ನೀರು ಬೇರೆ ಕೇಡು."

ಮಕ್ಕಳು ನಕ್ಕರು. ಅವರ ಹಲ್ಲೂ ಅದೇ ಬಣ್ಣ, ಆದರೂ ನಕ್ಕರು. ಆಟದ ಮೇಷ್ಟ್ರು ಚಂದ್ರಶೇಖರ್ ನೆಲ ನೋಡುತ್ತಿದ್ದರಂತೆ. ಸಾಲಿನಿಂದ ಅಂಬ್ರೀನ್ ಒಬ್ಬಳೇ ಮುಂದೆ ಬಂದು, "ಕುಡ್ದಿದ್ದು ನಾನೂನೂ ಸಾರ್, ನನ್ ಹೆಸ್ರೂ ಹೊಡೀರಿ," ಎಂದಳು. ಅದನ್ನೂ ಹೊಡೆದುಹಾಕಿದರು. ಮೊನ್ನೆ ಶುಕ್ರವಾರ ಇವರಿಬ್ಬರನ್ನು ಬಿಟ್ಟು ತುಮಕೂರಿಗೆ ಹೋದ ತಂಡ ಮೊದಲ ಆಟದಲ್ಲೇ ಸೋತು ಬಂತು. ಅವರ ಬಾಟಲಿಯಲ್ಲಿ ಮತ್ತೆ ತೊಟ್ಟಿಯ ನೀರು.

ಭುವನಾ ಈಗ ಶಾಲೆಯಲ್ಲಿ ನೀರೇ ಕುಡಿಯುವುದಿಲ್ಲ. ಬೆಳಿಗ್ಗೆ ಹೋದವಳು ಸಂಜೆ ಮನೆಗೆ ಬಂದ ಮೇಲೆ ಲೋಟ ಮುಟ್ಟುತ್ತಾಳೆ. ತುಟಿ ಒಡೆದಿದೆ. ಓಡುವುದನ್ನು ಬಿಟ್ಟಿದ್ದಾಳೆ.

ನಿನ್ನ ಮನೆ ತುಂಬಿರಲಿ, ವ್ಯಾಪಾರ ಕೈಹಿಡಿಯಲಿ, ಪ್ರಣವ ನೂರು ವರ್ಷ ಬಾಳಲಿ. ಮಕ್ಕಳ ಶಾಪ ಯಾರ ಮನೆಗೂ ತಟ್ಟದಿರಲಿ.

ನಿನ್ನ ಅಕ್ಕ,
ಜಗದಾಂಬ

ತಾ.ಕ.: ಇದನ್ನು ನಿನಗೆ ಬರೆಯಬೇಡವೆಂದು ಭುವನಾ ಆಣೆ ಹಾಕಿಸಿಕೊಂಡಿದ್ದಳು. ಆಣೆ ಮುರಿಯುತ್ತಿದ್ದೇನೆ. ಆಫೀಸಿನಲ್ಲಿ ಹೆಡ್‌ಮಾಸ್ಟರು, ದಾನಿಗಳನ್ನೇ ಕೇಳೋಣ ಎಂದು ಫೋನನ್ನು ಸ್ಪೀಕರಿಗೆ ಹಾಕಿದ್ದರು. "ಯಾವೋಳಾದ್ರೇನ್ರಿ, ನಮ್ಮವ್ವನ ಹೆಸರಿಗೆ ಕೈ ಹಾಕ್ದೋಳನ್ನ ಟೀಮಲ್ಲಿ ಇಡ್ಬ್ಯಾಡ್ರಿ. ಬೀಗ ಹಾಕಿ ಅಂತ ಅವತ್ತೇ ಹೇಳ್ಲಿಲ್ವಾ," ಎಂದೆಯಲ್ಲ ನಾಗಭೂಷಣ, ಹೆಸರೇನು ಎಂದು ಕೇಳಲಿಲ್ಲ. ಎದುರಿಗೆ ನಿಂತಿದ್ದ ಅವಳಿಗೆ ದಾವಣಗೆರೆ ತಾತನ ದನಿ ಗುರುತಾಯಿತು. "ತಾತ, ನಾನು ಭುವನಾ" ಎನ್ನಲಿಲ್ಲ. ಹೆಡ್‌ಮಾಸ್ಟರ ಮುಂದೆ ನಿನ್ನ ಮುಖಕ್ಕೆ ಮಸಿ ಬಳಿದಂತಾಗುತ್ತದೆಂದು ಸುಮ್ಮನಿದ್ದಳಂತೆ. ಅದರ ಮರುದಿನವೇ ನಿನ್ನ ಸೀರೆ ಬಂತು. ಮಡಿಕೆ ಬಿಚ್ಚಿಲ್ಲ.

ನಾನೆಂದು ಗೊತ್ತಿದ್ದರೂ ತಾತ ಹಾಗೇ ಅನ್ನುತ್ತಿದ್ದರಾ ಎಂದು ಅವಳು ಒಂದೇ ಒಂದು ಸಲ ಕೇಳಿದಳು. ನೀನೇ ಅವಳಿಗೆ ಬರಿ, ಬೇಗ ಬರಿ.