ತಮ್ಮ ಮೇಜಿನ ಖಾನೆಯಲ್ಲಿರುವ ನನ್ನ ತಂಗಿಯ ಅರ್ಧ ಹಾಳೆ

ಹುಮನಾಬಾದಿನಲ್ಲಿ ಕೂತು ಊರವರ ಟಪಾಲು ತಪಾಸಣೆ ಮಾಡುವ ಮಾನ್ಯ ಅಧಿಕಾರಿಗಳೇ,

ನನ್ನ ತಂಗಿ ಧೂಳಮ್ಮ ನನಗೆ ಬರೆದ ಪತ್ರವನ್ನು ತಾವು ಹಿಡಿದಿಟ್ಟುಕೊಂಡು ಇಂದಿಗೆ ಐವತ್ತೆರಡು ದಿನ. ಅದರೊಳಗೆ ಒಂದು ಅರ್ಧ ಹಾಳೆ ಇದೆ. ಅದು ನನಗೆ ಬೇಕು. ನನ್ನ ದೂರು ಇಷ್ಟೇ. ಆದರೆ ಇಷ್ಟನ್ನೇ ಬರೆದರೆ ತಾವು ಯಾವ ಹಾಳೆ, ಎಂಥ ಹಾಳೆ, ಏನು ಕಾರಣ ಎಂದು ಮೂರು ಪ್ರಶ್ನೆ ಕೇಳಿ ಇನ್ನೊಂದು ಐವತ್ತು ದಿನ ಕಳೆಯುತ್ತೀರಿ. ಆದ್ದರಿಂದ ಕೇಳುವ ಮೊದಲೇ ಎಲ್ಲವನ್ನೂ ಹೇಳಿಬಿಡುತ್ತೇನೆ. ಇದನ್ನು ಟಪಾಲಿಗೆ ಹಾಕದೆ ವಾರಪತ್ರಿಕೆಗೆ ಕೊಟ್ಟದ್ದಕ್ಕೂ ಕಾರಣವಿದೆ. ತಮಗೇ ಬರೆದ ಪತ್ರವನ್ನು ತಾವೇ ಹಿಡಿದು, ಅದು ತಮಗೆ ತಲುಪದಂತೆ ನೋಡಿಕೊಳ್ಳುವಷ್ಟು ನಿಷ್ಠೆ ತಮ್ಮಲ್ಲಿದೆ ಎಂಬುದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ನಾನು ಕಲ್ಯಾಣದ ಪೇಟೆಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡು ಕೂತ ಶಿಂಪಿ. ವಯಸ್ಸು ಅರವತ್ತಾರು. ಶಾಲೆಗೆ ಹೋಗಿದ್ದು ಎರಡೇ ಸಲ. ಎರಡು ಸಲವೂ ಮಾಸ್ತರರ ಶೇರವಾನಿಯ ಅಳತೆ ತೆಗೆಯಲು. ನಾನೂ ನನ್ನ ತಂಗಿಯೂ ಅಕ್ಷರ ಕಲಿತದ್ದು ತಂದೆಯವರ ಪುಸ್ತಕದಿಂದ. ಅದು ಅಚ್ಚಾದ ಪುಸ್ತಕವಲ್ಲ. ನಮ್ಮ ತಂದೆಯವರು ಯಾರ ಅಳತೆ ತೆಗೆದರೂ ಅವರಿಂದ ಒಂದು ಹಳೆಯ ಪದ್ಯ ಹೇಳಿಸಿಕೊಳ್ಳುತ್ತಿದ್ದರು. ಅಳತೆ ಕೊಡುವಾಗ ಮನುಷ್ಯ ಅತ್ತಿತ್ತ ಕದಲುವಂತಿಲ್ಲ, ಬಾಯಿ ಮಾತ್ರ ಬಿಡುವಾಗಿರುತ್ತದೆ. ಮುನ್ಶಿಗಳು ಉರ್ದು ಶೇರ್ ಹೇಳಿದರು, ಮಠದ ಅಯ್ಯನವರು ಹಳಗನ್ನಡ ಹೇಳಿದರು, ಕುಪ್ಪಸ ಹೊಲಿಸಲು ಬಂದ ಬಾಯಂದಿರು ಬೀಸುವ ಕಲ್ಲಿನ ಮುಂದಿನ ಮರಾಠಿ ಹಾಡು ಹೇಳಿದರು. ತಂದೆಯವರು ಎಲ್ಲವನ್ನೂ ಕನ್ನಡ ಅಕ್ಷರದಲ್ಲೇ ಬರೆದಿಟ್ಟರು. ಅಂಗಿಯ ಎದೆ ಬೇರೆ, ಬೆನ್ನು ಬೇರೆ ಕತ್ತರಿಸುವ ಹಾಗೆ, ಕೂಡುವ ಪದ್ಯಗಳೆಲ್ಲ ಮುಂದೆ, ಅಗಲುವ ಪದ್ಯಗಳೆಲ್ಲ ಹಿಂದೆ.

ಅವರು ತೀರಿದ ಮೇಲೆ ಹಿಸೆ ಆಯಿತು. ಮಗಳಿಗೆ ಯಂತ್ರವಿಲ್ಲ, ಕತ್ತರಿಯಿಲ್ಲ, ಪುಸ್ತಕದಲ್ಲಿ ಮಾತ್ರ ಸಮಪಾಲು ಎಂದು ಅವರೇ ಹೇಳಿ ಹೋಗಿದ್ದರು. ಬೇರೆಯವರ ಮನೆಯಾಗಿದ್ದರೆ ಆರು ತಿಂಗಳು ಇವನಿಟ್ಟುಕೊಳ್ಳಲಿ, ಆರು ತಿಂಗಳು ಅವಳಿಟ್ಟುಕೊಳ್ಳಲಿ ಎನ್ನುತ್ತಿದ್ದರು. ಶಿಂಪಿಯ ಮನೆಯಲ್ಲಿ ಸಮಪಾಲು ಎಂದರೆ ಟೇಪು ಹಿಡಿದು ಕತ್ತರಿಸುವುದು. ಹಿಸೆ ಮಾಡಲು ಕೂತ ನಮ್ಮ ಕಾಕಾ ಹಾಳೆ ಎಣಿಸಿದರು. ಎಂಬತ್ತೊಂದು. ನಲವತ್ತು ನನಗೆ, ನಲವತ್ತು ಧೂಳಮ್ಮನಿಗೆ, ನಡುವೆ ಉಳಿದ ಒಂದು ಹಾಳೆಯನ್ನು ಅವರು ಸೊಂಟದ ಹತ್ತಿರ ಅಡ್ಡ ಕತ್ತರಿಸಿದರು. ಮೇಲಿನದು ನನಗೆ, ಕೆಳಗಿನದು ಆಕೆಗೆ. ಶಾಯಿ ಹಾಯುವ ತೆಳು ಕಾಗದ, ಬರೆದದ್ದು ಒಂದೇ ಮಗ್ಗುಲು. ಹಾಗಾಗಿ ಪದ್ಯದ ತಲೆ ಕಲ್ಯಾಣದಲ್ಲಿ ಉಳಿಯಿತು, ಕಾಲು ಧೂಳಮ್ಮನ ಜೊತೆ ಮಾಣಿಕನಗರಕ್ಕೆ ಅತ್ತೆಮನೆಗೆ ಹೋಯಿತು. ಸಾಲದೆಂದು, ಎಳೆ ಬಿಡಬಾರದೆಂದು ಕಾಕಾ ಎರಡೂ ತುಂಡುಗಳ ಅಂಚು ಮಡಚಿ ಕೆಂಪು ದಾರದಿಂದ ಹೊಲಿದುಕೊಟ್ಟರು. ಕಾಗದಕ್ಕೆ ಎಳೆ ಇರುವುದಿಲ್ಲ ಎಂದು ಅವರಿಗೆ ಹೇಳುವ ಧೈರ್ಯ ಯಾರಿಗೂ ಬರಲಿಲ್ಲ. ಹಿಸೆಯಲ್ಲಿ ಹಿರಿಯರು ಹಾಕಿದ ಹೊಲಿಗೆಯನ್ನು ನಮ್ಮಲ್ಲಿ ಬಿಚ್ಚುವುದಿಲ್ಲ. ನಾವೂ ಬಿಚ್ಚಲಿಲ್ಲ.

ಆ ಪದ್ಯ ಇಂಥದ್ದು. ಒಬ್ಬ ಉಪ್ಪಿನ ವ್ಯಾಪಾರಿ ಹನ್ನೆರಡು ಹೇರೆತ್ತು ಹೊಡೆದುಕೊಂಡು ಹೊರಡುತ್ತಾನೆ. ಜೋಳದ ತೆನೆ ಹಾಲು ತುಂಬುವಷ್ಟರಲ್ಲಿ ಬರುತ್ತೇನೆ ಎಂದು ಹೆಂಡತಿಗೆ ಹೇಳುತ್ತಾನೆ. ಆಕೆ ದಿನಕ್ಕೊಂದು ಸಲ ಹೊಲಕ್ಕೆ ಹೋಗಿ ತೆನೆ ಚಿವುಟಿ ನೋಡುತ್ತಾಳೆ. ಒಂದು ದಿನ ಹಾಲು ಬರುತ್ತದೆ. ಅದೇ ಸಂಜೆ ದೂರದಲ್ಲಿ ಗೆಜ್ಜೆ ಕೇಳಿಸುತ್ತದೆ. ಆಕೆ ಒಂದೊಂದೇ ಎತ್ತಿನ ಗೆಜ್ಜೆ ಗುರುತಿಸುತ್ತ ಹೋಗಿ, ಹನ್ನೆರಡನೆಯದು ಕೇಳಿದೊಡನೆ ಬಾಗಿಲು ತೆರೆಯುತ್ತಾಳೆ. ಅಲ್ಲಿಗೆ ಕಾಕಾನ ಕತ್ತರಿ. ಎತ್ತಿನ ಹಿಂದೆ ಮನುಷ್ಯ ಇದ್ದನೋ ಇಲ್ಲವೋ? ಮೂವತ್ತೆರಡು ವರ್ಷ ನಾನು ಇದ್ದ ಎಂದೇ ತಿಳಿದುಕೊಂಡು ಅಂಗಿ ಹೊಲಿದಿದ್ದೇನೆ. ನನ್ನ ಭಾಗದ ನಲವತ್ತು ಹಾಳೆಗಳಲ್ಲಿ ಎಲ್ಲರೂ ಬಂದಿದ್ದರು. ಇವನೊಬ್ಬ ಯಾಕೆ ಬಾರದಿರುತ್ತಾನೆ?

ಎರಡು ವರ್ಷದ ಹಿಂದೆ ನನ್ನ ಮನೆಯಾಕೆ ಪಾರ್ವತಿಬಾಯಿ ತೀರಿಕೊಂಡಳು. ಮಾತಾಡಿಸಲು ಬಂದ ಧೂಳಮ್ಮ ಹದಿಮೂರು ದಿನ ಇದ್ದು ಪುಸ್ತಕದ ಸುದ್ದಿಯೇ ಎತ್ತಲಿಲ್ಲ. ಹೋದ ಮೇಲೆ ಆಕೆಯ ಒಂದು ಪತ್ರ ಬಂತು. ಅದರಲ್ಲಿ ಆಕೆಯ ಭಾಗದ ಒಂದು ಪದ್ಯ, ಕೆಳಗೆ ಒಂದೇ ಮಾತು: "ಅಣ್ಣಾ, ಇನ್ನ ಮ್ಯಾಲೆ ನಿನಗ ನನ್ನ ಹಿಸೆ ಬೇಕಾಗ್ತದ." ಆಕೆಯ ಯಜಮಾನರು ತೀರಿಹೋಗಿ ಆಗಲೇ ಹನ್ನೆರಡು ವರ್ಷವಾಗಿತ್ತು. ಆಕೆ ಆ ಭಾಗವನ್ನು ನನಗಿಂತ ಮೊದಲು ಓದಿ ಮುಗಿಸಿದ್ದಳು.

ಅಲ್ಲಿಂದ ನಮ್ಮ ಬರೆದಾಟ ಶುರುವಾಯಿತು. ನಾನೊಂದು ಕೂಡುವ ಪದ್ಯ ಕಳಿಸುವುದು, ಆಕೆಯೊಂದು ಅಗಲುವ ಪದ್ಯ ಕಳಿಸುವುದು, ಯಾವುದು ಮೇಲು ಎಂದು ಜಗಳಾಡುವುದು. ಉರ್ದುವಿನ ಪ್ರೇಮಿ ಮೊದಲ ಸಾಲಿನಲ್ಲೇ ಸಾಯುತ್ತಾನೆ, ಆಮೇಲೆ ಹತ್ತು ಸಾಲು ತಾನೇ ನಿಂತು ಅದನ್ನು ಊರಿಗೆಲ್ಲ ಹೇಳುತ್ತಾನೆ. ಹಳಗನ್ನಡದ ಹೆಣ್ಣು ಸಾಯುವುದಿಲ್ಲ, ಹೇಳುವುದೂ ಇಲ್ಲ, ಗೋಡೆಯ ಮೇಲೆ ದಿನಕ್ಕೊಂದು ಗೀಟು ಎಳೆಯುತ್ತಾಳೆ. ಮರಾಠಿಯವಳು ಮನುಷ್ಯರಿಗೆ ಹೇಳದೆ ಬೀಸುವ ಕಲ್ಲಿಗೆ ಹೇಳುತ್ತಾಳೆ, ಯಾಕೆಂದರೆ ಅದು ತಿರುಗುತ್ತದೆ, ತಿರುಗಿ ಮಾತಾಡುವುದಿಲ್ಲ. ಇಷ್ಟು ನಾನು ಬರೆದು ಜಾಣನಾದೆ ಎಂದುಕೊಂಡಿದ್ದೆ. ಧೂಳಮ್ಮನ ಉತ್ತರ ಬಂತು: "ಅದೆಲ್ಲ ಖರೆ. ಆದ್ರ ನಿನ್ನ ಹಿಸೆದಾಗ ಎಲ್ಲಾರ ಕಣ್ಣೂ ಕಮಲ, ಎಲ್ಲಾರ ನಡಿಗೀನೂ ಹಂಸ. ಜಾತ್ರಿಯೊಳಗ ತಪ್ಪಿಸ್ಕೊಂಡ್ರ ಯಾರು ಯಾರಂತ ಹ್ಯಾಂಗ ಗುರ್ತು ಹಿಡೀಬೇಕು? ನನ್ನ ಹಿಸೆದಾಗ ನೋಡು, ಹ್ವಾದಾತನ ಕೆರ ಯಾವ ಮಗ್ಗಲಿಗೆ ಸವದಿತ್ತು ಅದನೂ ಬರದದ."

ಸೋತೆ ಎಂದು ಒಪ್ಪುವವನಲ್ಲ ನಾನು. ಯಂತ್ರದ ಮುಂದೆ ಕೂತು ಪಾರ್ವತಿಬಾಯಿಯ ಕಣ್ಣು ಕಮಲವಾಗಿತ್ತೇ ಎಂದು ನೆನಪು ಮಾಡಿಕೊಂಡೆ. ನೆನಪಾದದ್ದು ಕಣ್ಣಲ್ಲ. ಗುಂಡಿ ಹಚ್ಚಿ ಮುಗಿದ ಮೇಲೆ ಕತ್ತರಿ ಕೈಯಲ್ಲೇ ಇದ್ದರೂ ಆಕೆ ದಾರವನ್ನು ಎಡಗಡೆಯ ಹಲ್ಲಿನಿಂದ ಕಡಿಯುತ್ತಿದ್ದಳು. ಹಲ್ಲು ಹೋಗ್ತಾವ ಎಂದು ನಲವತ್ತು ವರ್ಷ ಬೈದಿದ್ದೇನೆ. ಆ ದಿನ ನನ್ನ ನಲವತ್ತು ಹಾಳೆ ತಿರುವಿ ಹಾಕಿದರೆ ಹಲ್ಲಿನಿಂದ ದಾರ ಕಡಿಯುವ ಒಬ್ಬಳೂ ಸಿಗಲಿಲ್ಲ. ಆಗ ನಾನು ತಂಗಿಗೆ ಬರೆದ ಪತ್ರವೇ ತಾವು ಒಡೆದು ಓದಿ, ನಕಲು ತೆಗೆದುಕೊಂಡು, ಮುಂದೆ ಕಳಿಸಿದ ಪತ್ರ. ಅದರಲ್ಲಿ ಹಲ್ಲಿನ ಸಂಗತಿ ಬರೆದು, ಕೊನೆಗೆ ಹೀಗೆ ಕೇಳಿದ್ದೆನೆಂದು ಒಪ್ಪುತ್ತೇನೆ: "ಉಪ್ಪಿನಾತ ಬಂದಾನೋ ಇಲ್ಲೋ ಕೂಡಲೇ ತಿಳಿಸು. ಹನ್ನೆರಡೂ ಎತ್ತಿನ ಸಂಗಡ ಮನಷ್ಯಾ ಇದ್ದಾನೋ, ಬರೇ ಎತ್ತು ಬಂದಾವೋ? ಇಷ್ಟು ವರ್ಷ ಮುಚ್ಚಿಟ್ಟೀದಿ, ಈಗ ಹೇಳು."

ಮಾನ್ಯರೇ, ಹಳೆಯ ರಾಜ್ಯ ಹೋಗಿ ಹೊಸ ಸರಕಾರ ಬಂದ ಗಡಿಬಿಡಿಯ ಕಾಲವಿದು, ತಮ್ಮ ಕೆಲಸ ತಾವು ಮಾಡಬೇಕು, ನಿಜ. ಆದರೆ ಪ್ರಶ್ನೆಯನ್ನು ಹೋಗಲು ಬಿಟ್ಟು ಉತ್ತರವನ್ನು ಮಾತ್ರ ಹಿಡಿಯುವುದು ಎಲ್ಲಿಯ ಕಾನೂನು? ಧೂಳಮ್ಮನ ಲಕೋಟೆ ತಮ್ಮ ಮೇಜಿಗೆ ಬಂತು. ನನಗೆ ಕರೆ ಬಂತು. ಕಲ್ಯಾಣದಿಂದ ಮೋಟಾರು ಹಿಡಿದು ಬಂದು, ಮೂರು ತಾಸು ತಮ್ಮ ಪಡಸಾಲೆಯಲ್ಲಿ ಕೂತೆ. ಆಮೇಲೆ ನಡೆದದ್ದನ್ನು ತಾವು ಕಾಗದದ ಮೇಲೆ ಹೇಗೆ ಬರೆದುಕೊಂಡಿದ್ದೀರೋ ತಿಳಿಯದು. ನಾನು ನಡೆದ ಹಾಗೆ ಬರೆಯುತ್ತೇನೆ.

"ಈ ಉಪ್ಪಿನವಾ ಈಗ ಎಲ್ಲಿದಾನ?" ಎಂದಿರಿ ತಾವು.

"ಅದನ್ನ ತಿಳ್ಕೊಳ್ಳಾಕಂತನ ತಂಗೀಗಿ ಬರದೀನ್ರಿ ಸಾಹೇಬ್ರ."

"ಯಾವ ಊರು?"

"ಪದ್ಯದಾಗ ಊರಿನ ಹೆಸರಿಲ್ರಿ."

"ಮನೀ ಬಿಟ್ಟು ಎಷ್ಟು ದಿವಸಾತು?"

"ಒಂದು ಮುನ್ನೂರು ವರ್ಷ ಆಗಿರಬೇಕ್ರಿ."

ತಾವು ತಲೆ ಎತ್ತದೆ ಬರೆದುಕೊಂಡಿರಿ: ಫರಾರಿ.

ಆಮೇಲೆ ನನ್ನ ಹಳೆಯ ಪತ್ರವೊಂದರ ಉರ್ದು ಶೇರ್ ತೆಗೆದಿರಿ. ಅಕ್ಷರ ಕನ್ನಡ, ಮಾತು ಉರ್ದು, ಓದುವ ನಾಲಗೆ ಧಾರವಾಡದಿಂದ ಬಂದ ತಮ್ಮದು. ತಮ್ಮ ಕಚೇರಿಯ ಮುನ್ಶಿ ಸಲಾವುದ್ದೀನ್ ಸಾಹೇಬರು ಕಣ್ಣು ಮುಚ್ಚಿ ಕೇಳಿ, ಮುಗಿದ ಮೇಲೆ ಮೆಲ್ಲಗೆ ವಾಹ್ ಎಂದರು. ವಾಹ್ ಬೇಡ, ಅರ್ಥ ಹೇಳಿರಿ ಎಂದು ತಾವು ಗದರಿದಿರಿ. ಅವರು ಹೇಳಿದರು: ಪ್ರಿಯೆಯ ಹುಬ್ಬು ಖಡ್ಗ, ನೋಟ ಬಾಣ, ಪ್ರೇಮಿಯ ಎದೆಯಿಂದ ರಕ್ತ ಹರಿದಿದೆ, ಅವನು ಕೊಂದವಳಿಗೆ ಕೈ ಮುಗಿಯುತ್ತಿದ್ದಾನೆ. ತಾವು ಖಡ್ಗದ ಕೆಳಗೆ ಒಂದು ಗೀಟು, ಬಾಣದ ಕೆಳಗೆ ಒಂದು ಗೀಟು, ರಕ್ತದ ಕೆಳಗೆ ಎರಡು ಗೀಟು ಎಳೆದಿರಿ. ಸಲಾವುದ್ದೀನ್ ಸಾಹೇಬರ ಮುಖ ಸಣ್ಣದಾಯಿತು.

"ಉರ್ದುದಾಗ ಇದು ಮೊಹಬ್ಬತ್ ಅದ ಸಾಹೇಬ್," ಎಂದರು ಅವರು. "ಕನ್ನಡಕ್ಕ ತಂದು ಸರಕಾರಿ ಕಾಗದದ ಮ್ಯಾಲ ಇಟ್ರ ಖೂನಿ ಕೇಸ್ ಆಗ್ತದ."

ಕೊನೆಗೆ ಬಂದದ್ದು ಕೆಂಪು ದಾರ. ಕಾಗದಕ್ಕೆ ಯಾರಾದರೂ ಹೊಲಿಗೆ ಹಾಕುತ್ತಾರೆಯೇ, ಒಳಗೆ ಏನನ್ನಾದರೂ ಬಚ್ಚಿಟ್ಟಿರದಿದ್ದರೆ? ತಮ್ಮ ಪ್ರಶ್ನೆ ನ್ಯಾಯವಾದದ್ದೇ. ಕಾಕಾನನ್ನು ಕೇಳಿರಿ ಎನ್ನಲು ಕಾಕಾ ಇಲ್ಲ. ನಾನು ನನ್ನ ಪಾಲಿನ ತುಂಡನ್ನು ಜೇಬಿನಿಂದ ತೆಗೆದು, ನೋಡಿರಿ, ಇದಕ್ಕೂ ಅದೇ ದಾರ, ಅದೇ ಕೈ ಎಂದು ತೋರಿಸಿದೆ. ಎರಡನ್ನೂ ಜೋಡಿಸಿ ನೋಡುತ್ತೀರಿ ಎಂದುಕೊಂಡೆ. ತಾವು ನನ್ನ ತುಂಡನ್ನು ಓದಿ, ಧೂಳಮ್ಮನ ತುಂಡನ್ನು ನನ್ನ ಕಣ್ಣಿಗೆ ಬೀಳದಂತೆ ಎತ್ತಿ ಹಿಡಿದು ಓದಿ, ಸ್ವಲ್ಪ ಹೊತ್ತು ಕಿಟಕಿ ನೋಡಿದಿರಿ. ಆಮೇಲೆ ನನ್ನದನ್ನು ನನಗೆ ಕೊಟ್ಟು, "ಆಕೀದು ತಪಾಸಣಿಯೊಳಗ ಅದ" ಎಂದಿರಿ. ಈ ಭೂಮಿಯ ಮೇಲೆ ಆ ಪದ್ಯವನ್ನು ತಲೆಯಿಂದ ಕಾಲಿನವರೆಗೆ ಓದಿದವರು ನಮ್ಮ ತಂದೆ, ಅವರನ್ನು ಬಿಟ್ಟರೆ ತಾವೇ. ಮಕ್ಕಳಾದ ನಮಗೆ ಅವರು ಅಕ್ಷರ ಕಲಿಸಿದ್ದು ಮೊದಲ ಕೆಲವು ಹಾಳೆಗಳಿಂದ, ನಡುವಿನ ಹಾಳೆ ಹಿಸೆಯ ತನಕ ನಮ್ಮ ಕೈಗೆ ಬಂದಿರಲಿಲ್ಲ.

ಹಾಗಿದ್ದರೆ ತಂಗಿಯನ್ನೇ ಕೇಳಬಹುದಿತ್ತಲ್ಲ ಎನ್ನುತ್ತೀರಿ. ಕೇಳಿದೆ. ಅಲ್ಲಿಂದ ನೇರ ಮಾಣಿಕನಗರಕ್ಕೆ ನಡೆದು ಹೋದೆ. ಧೂಳಮ್ಮ ರೊಟ್ಟಿ ಬಡಿಯುತ್ತಿದ್ದಳು. ಕಣ್ಣಿಗೆ ಪೊರೆ ಬಂದು ನಕಲು ಮಾಡಲಾಗದೆ ಮೂಲ ತುಂಡನ್ನೇ ಲಕೋಟೆಯಲ್ಲಿಟ್ಟೆ, ಕೆಳಗೆ ನನ್ನದೂ ನಾಲ್ಕು ಮಾತು ಬರೆದೆ ಎಂದಳು. ಬರೆದದ್ದನ್ನೇ ಬಾಯಿಂದ ಹೇಳಿಬಿಡು, ಉಪ್ಪಿನವನು ಬಂದನೇ ಎಂದೆ. ಆಕೆ ಕೈಯಲ್ಲಿನ ರೊಟ್ಟಿ ಹಂಚಿಗೆ ಹಾಕಿ, ಮೇಲೆ ನೀರು ಸವರಿದಳು.

"ಹೇಳೂದಾಗಿದ್ರ ಯಾಕ ಬರೀತಿದ್ದೆ ಅಣ್ಣಾ? ಬಾಯಿಲೆ ಹೇಳಾಕ ಹ್ವಾದ್ರ ನನಗ ಅಳು ಬರ್ತದ, ನನ್ನ ನೋಡಿ ನೀ ರೊಟ್ಟಿ ಬಿಟ್ಟು ಏಳ್ತಿ. ಟಪಾಲಿಗಿ ಹಾಕೀನಿ, ಓದ್ಕೋ."

ನಾಲ್ಕು ರೊಟ್ಟಿ ತಿಂದು ಬಂದೆ. ಇನ್ನೇನು ಮಾಡಲಿ? ಆಕೆ ತನ್ನ ಯಜಮಾನರ ಬಗ್ಗೆ ಹದಿನಾಲ್ಕು ವರ್ಷದಲ್ಲಿ ನನ್ನೆದುರು ಒಂದು ಮಾತು ಆಡಿದವಳಲ್ಲ. ನಾನೂ ಹಲ್ಲಿನ ಸಂಗತಿಯನ್ನು ಆಕೆಯೆದುರು ಬಾಯಿಬಿಟ್ಟು ಹೇಳಲಾರೆ, ಪತ್ರವಾದದ್ದರಿಂದ ಬರೆದೆ. ಈಗ ನೋಡಿರಿ, ತಮ್ಮ ದೆಸೆಯಿಂದ ಊರಿಗೆಲ್ಲ ಬರೆಯುತ್ತಿದ್ದೇನೆ.

ಇನ್ನೊಂದು ಸಂಗತಿ ನನಗೆ ತಿಳಿದಿದೆ. ಧೂಳಮ್ಮನ ತುಂಡು ಫೈಲಿನಲ್ಲಿ ಇಲ್ಲ. ತಾವು ಕೆಂಪು ದಾರ ಬಿಚ್ಚಿ ನೋಡಿದಿರಿ. ಒಳಗೆ ಪಿಸ್ತೂಲೂ ಇರಲಿಲ್ಲ, ನಕ್ಷೆಯೂ ಇರಲಿಲ್ಲ. ಮಡಿಕೆಯೊಳಗೆ ಇಷ್ಟು ವರ್ಷ ಯಾರೂ ಓದದ ಒಂದು ಸಾಲು ಇತ್ತು. ಅಂದಿನಿಂದ ಆ ತುಂಡು ತಮ್ಮ ಮೇಜಿನ ಎಡಗಡೆಯ ಖಾನೆಯಲ್ಲಿದೆ, ಊಟದ ಡಬ್ಬಿ ಬಿಚ್ಚುವ ಮೊದಲು ತಾವು ಅದನ್ನು ದಿನವೂ ತೆಗೆದು ನೋಡುತ್ತೀರಿ. ಇದನ್ನು ಯಾರು ಹೇಳಿದರೆಂದು ನಾನು ಹೇಳುವುದಿಲ್ಲ. ತಮ್ಮ ಕಚೇರಿಯಲ್ಲಿ ತಮ್ಮನ್ನು ಬಿಟ್ಟರೆ ಇರುವವರು ಒಬ್ಬರೇ ಎಂಬುದು ನನ್ನ ತಪ್ಪಲ್ಲ. ತಮ್ಮ ಮನೆಯವರು ಧಾರವಾಡದಲ್ಲಿಯೇ ಉಳಿದು ಎಂಟು ತಿಂಗಳಾಯಿತೆಂದೂ ಅವರೇ ಹೇಳಿದರು. ಮಾನ್ಯರೇ, ಆ ಹಾಳೆಯನ್ನು ತಾವು ಅನುಮಾನದಿಂದ ಹಿಡಿದಿಟ್ಟುಕೊಂಡಿದ್ದರೆ ನಾನು ಇಷ್ಟು ಗಟ್ಟಿಯಾಗಿ ಜಗಳಾಡುತ್ತಿರಲಿಲ್ಲ. ಸರಕಾರದ ಅನುಮಾನಕ್ಕೆ ನಾವು ಮೊದಲಿನಿಂದ ರೂಢಿಯಾದವರು. ಇಷ್ಟಪಟ್ಟು ಇಟ್ಟುಕೊಂಡಿದ್ದೀರಿ. ಅದಕ್ಕೆ ಯಾವ ಕಾಯಿದೆ ಇದೆ?

ನನ್ನ ಬೇಡಿಕೆ ಇಷ್ಟು. ತಾವು ಅದನ್ನು ತಮ್ಮ ಕೈಯಿಂದ ನಕಲು ಮಾಡಿಕೊಳ್ಳಿರಿ. ಬೇಕಾದರೆ ನನ್ನ ಮೇಲಿನ ತುಂಡಿನ ನಕಲನ್ನೂ ಕಳಿಸುತ್ತೇನೆ, ಎರಡನ್ನೂ ಕೂಡಿಸಿ ಧಾರವಾಡಕ್ಕೆ ಬರೆಯಿರಿ. ಆ ಪತ್ರವನ್ನು ಯಾರೂ ಒಡೆಯದಿರಲಿ ಎಂದು ಹಾರೈಸುತ್ತೇನೆ. ಮೂಲ ತುಂಡನ್ನು ಮಾತ್ರ, ಧೂಳಮ್ಮನ ನಾಲ್ಕು ಮಾತಿನ ಸಮೇತ, ನನಗೆ ಕಳಿಸಿರಿ. ಬಿಚ್ಚಿದ ಹೊಲಿಗೆಯ ಬಗ್ಗೆ ತಕರಾರಿಲ್ಲ, ನಾನೇ ಹಾಕಿಕೊಳ್ಳುತ್ತೇನೆ. ಈ ಸಲ ಎರಡು ತುಂಡನ್ನೂ ಸೇರಿಸಿ.

ಕಳಿಸಲು ಮೇಲಿನವರ ಹುಕುಮು ಬರಬೇಕು, ತಡವಾಗುತ್ತದೆ ಎನ್ನುವುದಾದರೆ, ಇಷ್ಟಾದರೂ ಮಾಡಿರಿ. ಉಪ್ಪಿನವನು ಬಂದಿದ್ದರೆ ಒಂದು ಕಾರ್ಡಿನ ಮೇಲೆ "ಬಂದ" ಎಂದು ಬರೆದು ಹಾಕಿರಿ. ಬಂದಿಲ್ಲದಿದ್ದರೆ ಬರೆಯಬೇಡಿರಿ. ಹುಕುಮು ಎಷ್ಟೇ ತಡವಾಗಲಿ, ತಂಗಿಯ ಹಾಳೆ ಬರುವವರೆಗೆ ಕಾಯುತ್ತೇನೆ. ಅಂಥ ಸುದ್ದಿ ಕಚೇರಿಯಿಂದ ಬರಬಾರದು, ಮನೆಯವರ ಕೈಬರಹದಲ್ಲಿ ಬರಬೇಕು.

ಇಂತಿ, ಐವತ್ತೆರಡು ದಿನದಿಂದ ಟಪಾಲಿನವನ ಗೆಜ್ಜೆಗೆ ಬಾಗಿಲು ತೆರೆದು ನೋಡುತ್ತಿರುವ, ನಲವತ್ತೂವರೆ ಹಾಳೆಯ ಒಡೆಯ,
ಮಹಾರುದ್ರಪ್ಪ ಶಿಂಪಿ
ಕಲ್ಯಾಣ, ಬೀದರ ಜಿಲ್ಲಾ
ಡಿಸೆಂಬರ್ ೧೯೪೯