ಕಡವೆಯ ಹಿಂದೆ ಮೂರು ದಿನ

ದೊಡ್ಡಪ್ಪಾ,

ಗಾಯಗೊಂಡ ಕಡವೆಯ ಹಿಂದೆ ನೀನು ಮೂರು ದಿನ ನಡೆದ ಕಥೆಯನ್ನು ನಾನು ಮೊದಲು ಕೇಳಿದ್ದು ನಿನ್ನ ಬಾಯಲ್ಲೇ, ಮೂರನೇ ಕ್ಲಾಸಿನ ಬೇಸಿಗೆಯಲ್ಲಿ, ಕಣದ ಹುಲ್ಲಿನ ಮೇಲೆ. ನಿನ್ನೆ ಅದನ್ನು ಯೋಕೋಹಾಮಾದ ನಮ್ಮ ಮನೆಯಲ್ಲಿ ಹೇಳಿದೆ.

ಫುಕುಷಿಮಾದ ಬೇಟೆಗಾರ ಓನೋ ಸಾನ್ ಬಂದಿದ್ದರು. ಭೂಕಂಪಕ್ಕೆ ಅಣುಸ್ಥಾವರ ಒಡೆದ ವರ್ಷದಿಂದ ಅವರ ಊರಲ್ಲಿ ಹೊಡೆದ ಕಾಡುಹಂದಿಯನ್ನು ವಿಕಿರಣದ ಭಯಕ್ಕೆ ಯಾರೂ ತಿನ್ನುವುದಿಲ್ಲ, ಹೂಳುತ್ತಾರೆ. ಹೂತು ಹೂತು ಸಾಕಾಗಿ, ಅವರು ನನ್ನ ಗಂಡ ವಿವೇಕನ ಜೊತೆ ಆಫ್ರಿಕಾದ ಕಾಡೆಮ್ಮೆ ಬೇಟೆಗೆ ಹೊರಡಲು ನಕಾಶೆ ಹರಡಿದ್ದರು.

"ಗುರಿ ತಪ್ಪಿ ಗಾಯ ಆಗಿ ಓಡಿದ್ರೆ?" ಎಂದೆ.

"ಗೈಡ್ ಇರ್ತಾನಲ್ಲ ಮಾರಾಯ್ತಿ, ಅವ್ನು ಹುಡುಕಿ ಮುಗಿಸ್ತಾನೆ. ನಾವು ಟೆಂಟಲ್ಲಿ ಟೀ ಕುಡೀತಿರ್ತೀವಿ," ಎಂದು ವಿವೇಕ್ ನಕ್ಕ.

ಆಗ, ನೀನು ಹೊಡೆದ ಕಡವೆ ನರಳುತ್ತಾ ಸಾಯಬಾರದೆಂದು ಅದರ ಹಿಂದೆ ನಡೆದ ನಿನ್ನ ಕಥೆ ಹೇಳಿದೆ. ವಿವೇಕ್ ಅದನ್ನು ಜಪಾನಿಯಲ್ಲಿ ತಿಳಿಸಿದ. ಓನೋ ಸಾನ್ ಮೆಲ್ಲಗೆ ನಕಾಶೆ ಮಡಚಿದರು.

"ಸುಮಿಮಾಸೆನ್, ಕ್ಷಮಿಸಿ. ಮೊನ್ನೆ ಒಂದು ಹಂದಿ ಗಾಯವಾಗಿ ಪೊದೆಗೆ ನುಗ್ಗಿತು. ಹೇಗೂ ಹೂಳುವುದೇ ಅಂತ ನಾನು ಹಿಂದೆ ಹೋಗಲಿಲ್ಲ."

ಕೋಪದಲ್ಲಿ ಫೋನಿನಲ್ಲಿ ನಾನು ನಿನಗೆ ಅಂದ 'ಇನ್ನು ನೀನು ನನಗೆ ಯಾರೂ ಅಲ್ಲ' ಎಂಬ ಮಾತು ನೆನಪಾಯಿತು. ಅದಾದ ಮೇಲೂ ನೀನು ಎರಡು ವರ್ಷ ಬದುಕಿದ್ದೆ; ನಾನು ಒಮ್ಮೆಯೂ ಫೋನ್ ಮಾಡಲಿಲ್ಲ.

ಇವತ್ತು ಬೆಳಿಗ್ಗೆ ಅವರಿಬ್ಬರೂ ಮೊದಲ ರೈಲಿಗೆ ಹಂದಿಯನ್ನು ಹುಡುಕಲು ಹೋದರು. ನಾನು ಬುತ್ತಿ ಕಟ್ಟಿಕೊಟ್ಟು, ಈ ಕಾಗದ ಬರೆಯಲು ಕೂತೆ.