ಹೊಟ್ಟೆಯೊಳಗಿನ ಚಾಡಿಕೋರ

ಶುಕ್ರವಾರ, ಊಟವಾದ ಮೇಲೆ

ನಮ್ಮ ಮನೆಯ ಸುಪ್ರೀಂ ಕೋರ್ಟಾದ ಅಜ್ಜಿಯ ಸನ್ನಿಧಾನಕ್ಕೆ,

ಓಟದಿಂದ ವಜಾಗೊಂಡಿರುವ ಮೊಮ್ಮಗಳು ಕೋತಿ, ಕೈಕಟ್ಟಿ, ನಗು ತಡೆದುಕೊಂಡು ಮಾಡಿಕೊಳ್ಳುವ ಮನವಿ.

ಕಳೆದ ಬೇಸಿಗೆಯಲ್ಲಿ ನಾನು ಓಡುತ್ತಾ ಬಿಸಿಲಿಗೆ ಬವಳಿ ಬಂದು ಬಿದ್ದಾಗ ಗೆಳತಿಯರೆಲ್ಲ ನಾಟಕವೆಂದು ಚಪ್ಪಾಳೆ ತಟ್ಟಿದ್ದರು. ನಾನು ಆಸ್ಪತ್ರೆ ಸೇರಿದ ಮೇಲೆ ನಿನ್ನ ತೀರ್ಪು ಬಂತು: "ಇವಳ ಮೈಯೊಳಗೆ ಏನಾಗ್ತಿದೆ ಅಂತ ಯಾರಾದ್ರೂ ಒಳಗೆ ಹೋಗಿ ನೋಡ್ಕೊಂಡು ಬರೋವರೆಗೂ ಓಟದ ಮಾತೆತ್ತಬೇಡಿ."

ಅಜ್ಜೀ, ಒಳಗೆ ಹೋಗಿ ನೋಡಿಕೊಂಡು ಬಂದಾಯಿತು!

ಕೋಚ್ ಒಂದು ಮಾತ್ರೆ ಕೊಟ್ಟರು. ಔಷಧಿಯಲ್ಲ, ಅದರೊಳಗೆ ಪುಟ್ಟ ಸೆನ್ಸರ್ ಇದೆ. ನುಂಗಿದರೆ ಹೊಟ್ಟೆ, ಕರುಳು ಸುತ್ತುತ್ತಾ ಒಳಗಿನ ಶಾಖ ಎಷ್ಟೆಂದು ಕೋಚ್ ಫೋನಿಗೆ ಚಾಡಿ ಹೇಳುತ್ತಿರುತ್ತದೆ. ಕೆಲಸ ಮುಗಿದ ಮೇಲೆ ತಾನಾಗಿ ಹೊರಟುಹೋಗುತ್ತದೆ. ಯಾವ ದಾರಿಯಲ್ಲಿ ಎಂದು ಕೇಳಬೇಡ, ಇದು ಗಂಭೀರವಾದ ಪತ್ರ.

ಓಡುವ ಹಿಂದಿನ ರಾತ್ರಿಯೇ ನುಂಗಿಸಿ ಎಂದಿದ್ದರು ಕೋಚ್. ಆದರೆ ನಾನು ಮಾತ್ರೆಗಳನ್ನು ನಾಲಿಗೆಯಡಿ ಬಚ್ಚಿಟ್ಟು ಉಗಿಯುವವಳೆಂದು ನಿನ್ನ ಮಗಳಿಗೆ ಗೊತ್ತಲ್ಲ? ಅಮ್ಮ ಅದನ್ನು ಪರ್ಸಿನಲ್ಲೇ ಕಾಪಾಡಿಕೊಂಡು ಬಂದು, ಬುಧವಾರ ಮೈದಾನದ ಗೇಟಿನಲ್ಲಿ, ಸಾಕ್ಷಿಗಳ ಎದುರು ನುಂಗಿಸಿದಳು.

ಓಡಿದೆ. ಆಚೆ ತುದಿಯಲ್ಲಿ ನಿಂತು, ಅಮ್ಮ ಫ್ರಿಜ್ಜಿನಿಂದ ತಂದಿದ್ದ ನೀರನ್ನು ಗಟಗಟ ಕುಡಿದೆ. ಈಚೆ ಕೋಚ್ ಪಕ್ಕ ನಿಂತು ಅಮ್ಮ ನೋಡುತ್ತಿದ್ದ ಫೋನಿನಲ್ಲಿ ಮೂವತ್ತೆಂಟು ಡಿಗ್ರಿ ಇದ್ದದ್ದು ಸರ್ರನೆ ಮೂವತ್ತೊಂದಕ್ಕೆ ಇಳಿಯಿತಂತೆ. "ಅಯ್ಯೋ, ಮಗು ತಣ್ಣಗಾಗಿ ಹೋಗ್ತಿದೆ!" ಎಂದು ಕಿರುಚಿ, ಚಪ್ಪಲಿ ಅಲ್ಲೇ ಬಿಟ್ಟು, ಕೋಚ್ ಅವರ ಜಾಕೆಟ್ ಕಿತ್ತುಕೊಂಡು ಓಡಿ ಬಂದ ಅಮ್ಮ ಆ ಸುಡುಬಿಸಿಲಿನಲ್ಲಿ ನನಗದನ್ನು ತೊಡಿಸಿ ಕತ್ತಿನವರೆಗೆ ಜಿಪ್ ಎಳೆದಳು.

"ಅಮ್ಮಾ, ಬೇಯ್ತಿದೀನಿ ಬಿಡೇ!" ಎಂದರೆ, "ಸುಮ್ನಿರೇ, ಸುಳ್ಳು ಹೇಳೋಕೆ ಯಂತ್ರವೇನು ನೀನಾ?" ಎಂದಳು.

ಕೋಚ್ ಬಂದವರು ನಕ್ಕೂ ನಕ್ಕೂ ನೆಲದ ಮೇಲೇ ಕೂತರು. ಆಗಷ್ಟೇ ನುಂಗಿದ ಮಾತ್ರೆ ಕರುಳಿಗೆ ಇಳಿಯದೆ ಇನ್ನೂ ಹೊಟ್ಟೆಯಲ್ಲೇ ಇತ್ತು. ತಣ್ಣೀರಿನ ಸ್ನಾನವಾದದ್ದು ಅದಕ್ಕೆ, ನನಗಲ್ಲ.

ಹೊಸ ಮಾತ್ರೆಯನ್ನು ಬುಧವಾರ ರಾತ್ರಿಯೇ ನುಂಗಿ ನಿನ್ನೆ ಓಡಿದೆ. ಮೂವತ್ತೊಂಬತ್ತೂವರೆ ದಾಟುತ್ತಲೇ ಕೋಚ್ ಸೀಟಿ ಊದಿದರು. ನನಗೇನೂ ಆಗಿಲ್ಲವೆಂದು ಕೂಗಿದೆ. "ನಿನ್ನನ್ನ ಯಾರು ಕೇಳಿದ್ರು? ನೆರಳಿಗೆ ಬಾ" ಎಂದರು. ಒದ್ದೆ ಟವೆಲು ಹೊದಿಸಿ ಕೂರಿಸಿದರು. ಅಂಕಿ ಮೆಲ್ಲಗೆ ಇಳಿಯಿತು. ನಾನು ಬೀಳಲಿಲ್ಲ.

ತಮಾಷೆ ಬದಿಗಿಟ್ಟು ಹೇಳುತ್ತೇನೆ ಅಜ್ಜೀ. ನಿನ್ನೆ ಸೀಟಿ ಊದುವಷ್ಟರಲ್ಲಿ ಕಣ್ಣಂಚಿನಲ್ಲಿ ಕತ್ತಲೆ ಶುರುವಾಗಿತ್ತು. ಮುಂದಿದ್ದವಳನ್ನು ಹಿಂದೆ ಹಾಕುವ ಹಟದಲ್ಲಿ ನಾನು ಸತ್ತರೂ ಬಾಯಿ ಬಿಡುತ್ತಿರಲಿಲ್ಲ. ಹೋದ ಸಲ ಬಿದ್ದರೂ ಯಾರೂ ನಂಬಲಿಲ್ಲ. ಈ ಸಲ ನಾನು ಹೇಳದೆಯೇ ಗೊತ್ತಾಯಿತು. ಎಷ್ಟು ಹಗುರ ಅನ್ನಿಸಿತು ಗೊತ್ತಾ? ಅಮ್ಮ ಕೂಡ ಫೋನಿನಿಂದ ತಲೆಯೆತ್ತಿ, ಎಷ್ಟೋ ತಿಂಗಳ ಮೇಲೆ ನನ್ನ ಮುಖ ನೋಡಿ ನಕ್ಕಳು.

ತಿಂಗಳ ಕೊನೆಗೆ ಪಂದ್ಯ. ಅಪ್ಪಣೆ ಕೊಡು. ಸೀಟಿ ಊದಿದರೆ ನಿಲ್ಲುತ್ತೇನೆ, ನಿನ್ನಾಣೆ.

ತೀರ್ಪಿಗಾಗಿ ಲೇಸು ಬಿಗಿದು ಕಾದಿರುವ
ನಿನ್ನ ಕೋತಿ

ಮರೆತದ್ದು: ಇವತ್ತು ಬೆಳಿಗ್ಗೆ ಅಮ್ಮ ನನ್ನ ಹಳೇ ಶೂ ತೊಟ್ಟು ಮೈದಾನಕ್ಕೆ ಎರಡು ಸುತ್ತು ಹಾಕಿದಳು. ಪಂದ್ಯದಲ್ಲಿ ತಾಯಂದಿರ ಓಟವೂ ಇದೆಯಂತೆ. ನಿನಗೆ ಹೇಳಬಾರದೆಂದು ಅಂಗಲಾಚಿದ್ದಾಳೆ. ಆದ್ದರಿಂದ ಹೇಗೂ ಅಪ್ಪಣೆ ಬರೆಯುತ್ತೀಯಲ್ಲ, ಇಬ್ಬರಿಗೂ ಸೇರಿಸಿ ಬರೆದುಬಿಡು.